ರಿಮ್‌ಲೆಸ್ ಅಕ್ವೇರಿಯಂ: ಕೊಳ್ಳುವವರು, ಮನೆಯಲ್ಲೇ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ರಿಮ್‌ಲೆಸ್ ಅಂದರೇನು? ಮಾಮೂಲಿ ಟ್ಯಾಂಕಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಟ್ಯಾಂಕಿನ ಬಾಯಿಯ ಸುತ್ತ ಕಪ್ಪು ಪ್ಲಾಸ್ಟಿಕ್ ಚೌಕಟ್ಟೋ, ಒಳ ಅಂಚಿಗೆ ಅಂಟಿಸಿದ ಗಾಜಿನ ಪಟ್ಟಿಯೋ ಇರುತ್ತದೆ. ನೀರು ಗಾಜನ್ನು ಹೊರಕ್ಕೆ ದೂಡುವಾಗ ಮೇಲಂಚು ಬಾಗದಂತೆ ಹಿಡಿದುಕೊಳ್ಳುವುದು ಅದೇ. ರಿಮ್‌ಲೆಸ್ ಟ್ಯಾಂಕಿನಲ್ಲಿ ಅದು ಯಾವುದೂ ಇಲ್ಲ. ಐದು ಗಾಜು, ನಡುವೆ ಸಿಲಿಕಾನ್, ಅಷ್ಟೇ. ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗಾಜಿನ ದಪ್ಪವೇ ಮಾಡಬೇಕು.

ಈ ಬಗೆಯ ಟ್ಯಾಂಕನ್ನು ಜಗತ್ತಿಗೆಲ್ಲ ಪರಿಚಯಿಸಿದ್ದರಲ್ಲಿ ದೊಡ್ಡ ಪಾಲು ಜಪಾನಿನ ನೀಗಾತಾದ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಅವರದು. ಅವರು 1982ರಲ್ಲಿ ಶುರುಮಾಡಿದ ಎಡಿಎ ಕಂಪನಿಯ 60×30×36 ಸೆಂ.ಮೀ. (ಉದ್ದ×ಅಗಲ×ಎತ್ತರ) ಟ್ಯಾಂಕ್ ಇವತ್ತಿಗೂ ಗಿಡ ಬೆಳೆಸುವವರ ಅಚ್ಚುಮೆಚ್ಚಿನ ಅಳತೆ. ನೀರಿನ ಮಟ್ಟ, ಅದರ ಮೇಲೆ ತಲೆಯೆತ್ತಿದ ಗಿಡದ ಎಲೆ, ಎರಡೂ ಅಡ್ಡಿಯಿಲ್ಲದೆ ಕಾಣುವುದೇ ಇದರ ಚೆಲುವು.

ನನ್ನ ಹತ್ತಿರ ಹಳೆಯ ಎರಡಡಿ ಟ್ಯಾಂಕ್ ಇದೆ. ಮೇಲಿನ ಚೌಕಟ್ಟು ತೆಗೆದುಬಿಟ್ಟರೆ ರಿಮ್‌ಲೆಸ್ ಆಗುವುದಿಲ್ಲವೆ?

ಆಗುವುದಿಲ್ಲ, ದಯವಿಟ್ಟು ತೆಗೆಯಬೇಡಿ. ಪಟ್ಟಿ ಇದೆ ಎಂಬ ಧೈರ್ಯದ ಮೇಲೆಯೇ ಅಲ್ಲಿ ತೆಳು ಗಾಜು ಹಾಕಿರುತ್ತಾರೆ. ಪಟ್ಟಿ ತೆಗೆದರೆ ಗಾಜು ಅವತ್ತೇ ಒಡೆಯದೆ ಇರಬಹುದು. ಆದರೆ ಮುಂದಿನ ಗಾಜಿನ ನಡು ಹೊರಕ್ಕೆ ಬಾಗಿ, ಮೂಲೆಗಳ ಸಿಲಿಕಾನ್ ದಿನವೂ ಎಳೆತಕ್ಕೆ ಸಿಕ್ಕಿ, ಯಾವುದೋ ಒಂದು ರಾತ್ರಿ ಬಿಟ್ಟುಕೊಳ್ಳುತ್ತದೆ. ಆ ಟ್ಯಾಂಕನ್ನು ಹಾಗೆಯೇ ಬಳಸಿ. ಅಥವಾ ಹೊಸ ಮೀನನ್ನು ಕೆಲವು ದಿನ ಬೇರೆ ಇಟ್ಟು ನೋಡಿಕೊಳ್ಳಲು ಇಟ್ಟುಕೊಳ್ಳಿ.

ಹಾಗಾದರೆ ಗಾಜು ಎಷ್ಟು ದಪ್ಪ ಇರಬೇಕು?

ಎಲ್ಲರೂ "ಎಷ್ಟು ಲೀಟರ್ ಟ್ಯಾಂಕಿಗೆ ಎಷ್ಟು ಎಂಎಂ?" ಎಂದು ಕೇಳುತ್ತಾರೆ. ಕೇಳಬೇಕಾದದ್ದು ಎತ್ತರವನ್ನು. ನೀರಿನ ಒತ್ತಡ ಆಳದ ಜೊತೆ ಏರುತ್ತದೆ. ಗಾಜಿನ ಮೇಲೆ ಬೀಳುವ ಒಟ್ಟು ತಳ್ಳು ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ. 90 ಸೆಂ.ಮೀ. ಉದ್ದದ ಮುಂದಿನ ಗಾಜನ್ನೇ ತೆಗೆದುಕೊಳ್ಳಿ. ನೀರು 30 ಸೆಂ.ಮೀ. ಇದ್ದರೆ ಅದರ ಮೇಲಿನ ತಳ್ಳು ಸುಮಾರು 40 ಕೆ.ಜಿ. ಭಾರಕ್ಕೆ ಸಮ. 45 ಸೆಂ.ಮೀ.ಗೆ 91, 60 ಸೆಂ.ಮೀ.ಗೆ 162. ಎತ್ತರ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟು. ಅದೇ ಟ್ಯಾಂಕಿನ ಅಗಲವನ್ನು ಎಷ್ಟೇ ಹೆಚ್ಚಿಸಿ, ಮುಂದಿನ ಗಾಜಿಗೆ ಗೊತ್ತೇ ಆಗುವುದಿಲ್ಲ. ನೀರು ಮಾತ್ರ ಹೆಚ್ಚು ಹಿಡಿಯುತ್ತದೆ.

ಹಾಗಾಗಿ ಮನೆಯಲ್ಲಿ ಮಾಡುವವರಿಗೆ ನನ್ನ ಮಾತು ಒಂದೇ: ಎತ್ತರ ಕಡಿಮೆ ಇಡಿ, ಅಗಲ ಹೆಚ್ಚಿಸಿ. 60×45×30ರ ಟ್ಯಾಂಕ್ 60×30×45ರ ಟ್ಯಾಂಕಿನಷ್ಟೇ ನೀರು ಹಿಡಿಯುತ್ತದೆ. ಆದರೆ ಮೊದಲನೆಯದರಲ್ಲಿ ಗಾಜಿಗೆ ಶ್ರಮ ಕಡಿಮೆ, ಕೈ ತಳದವರೆಗೆ ಸಲೀಸಾಗಿ ಹೋಗುತ್ತದೆ, ಬೆಳಕು ತಳದ ಗಿಡಕ್ಕೂ ಮುಟ್ಟುತ್ತದೆ, ಕಲ್ಲು ಜೋಡಿಸಲು ಹಿಂದೆ ಮುಂದೆ ಜಾಗ ಸಿಗುತ್ತದೆ, ಮೀನಿಗೂ ಈಜಲು ಹರವು ಹೆಚ್ಚು.

ದಪ್ಪದ ಲೆಕ್ಕದಲ್ಲಿ ಹವ್ಯಾಸಿಗಳು ಸಾಮಾನ್ಯವಾಗಿ 3.8ರ ಸುರಕ್ಷತಾ ಅಂಶ ಹಿಡಿಯುತ್ತಾರೆ. ಅಂದರೆ ಗಾಜು ತಾಳಬಲ್ಲದ್ದರ ಸುಮಾರು ಕಾಲು ಭಾಗದಷ್ಟೇ ಅದರ ಮೇಲೆ ಹೇರುವುದು. ಆ ಲೆಕ್ಕದಲ್ಲಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರಕ್ಕೆ 6 ಎಂಎಂ ಧಾರಾಳ. 60×30×36ಕ್ಕೆ ಎಡಿಎ ಹಾಕುವುದೂ 6 ಎಂಎಂ ಗಾಜನ್ನೇ. ಆದರೆ ಅದು ಕಾರ್ಖಾನೆಯ ಕಟಿಂಗು, ಕಾರ್ಖಾನೆಯ ಜೋಡಣೆ. ಮೊದಲ ಸಲ ಮನೆಯಲ್ಲಿ ಮಾಡುವವರು 8 ಎಂಎಂ ಹಾಕಲಿ. 90×45×45ಕ್ಕೆ 10, 120×45×45ಕ್ಕೆ 12 ಎಂಎಂ. 60 ಸೆಂ.ಮೀ. ಎತ್ತರದ ರಿಮ್‌ಲೆಸ್ ಬೇಕೆಂದರೆ ಅನುಭವಿಗಳಿಗೆ ಬಿಟ್ಟುಬಿಡಿ.

ಗಾಜಿನ ಅಂಗಡಿಯಲ್ಲಿ ಏನಂತ ಹೇಳಬೇಕು? ಅಳತೆ ಹೇಗೆ ಕೊಡಬೇಕು?

ಅಡಿ ಇಂಚಿನ ಮಾತು ಬೇಡ, ಎಂಎಂನಲ್ಲೇ ಬರೆದು ಕೊಡಿ. "ಎರಡಡಿ" ಎಂದರೆ 600 ಎಂಎಂ ಅಲ್ಲ, 609.6. ಆ ಹತ್ತು ಎಂಎಂ ವ್ಯತ್ಯಾಸ ನಿಮ್ಮ ಸ್ಟ್ಯಾಂಡಿನಿಂದ ಆಚೆ ಚಾಚಿಕೊಳ್ಳುತ್ತದೆ.

600×300×360 ಟ್ಯಾಂಕನ್ನು 8 ಎಂಎಂ ಗಾಜಿನಲ್ಲಿ, ತಳದ ಗಾಜಿನ ಮೇಲೆ ನಾಲ್ಕು ಗೋಡೆ ನಿಲ್ಲಿಸುವ ಕ್ರಮದಲ್ಲಿ ಮಾಡುವುದಾದರೆ ತುಂಡುಗಳು ಹೀಗೆ: ತಳ 600×300, ಒಂದು. ಮುಂದೆ ಹಿಂದೆ 600×351, ಎರಡು. ಪಕ್ಕದವು 282×351, ಎರಡು. ಪಕ್ಕದ ಗಾಜು 282 ಹೇಗೆ ಬಂತೆಂದರೆ, 300ರಲ್ಲಿ ಮುಂದಿನ ಮತ್ತು ಹಿಂದಿನ ಗಾಜಿನ ದಪ್ಪ 16 ಕಳೆದು, ಎರಡೂ ಕಡೆ ಸಿಲಿಕಾನಿಗೆ ಒಂದೊಂದು ಎಂಎಂ ಬಿಟ್ಟದ್ದು. ಈ ಎರಡು ಎಂಎಂ ಮರೆತರೆ ಸಿಲಿಕಾನ್ ನಿಲ್ಲಲು ಜಾಗವೇ ಇರುವುದಿಲ್ಲ.

ಜೋಡಿ ತುಂಡುಗಳನ್ನು ಒಂದೇ ಹಾಳೆಯಿಂದ, ಒಂದೇ ಅಳತೆ ಹಿಡಿದು ಕತ್ತರಿಸಲು ಹೇಳಿ. ಒಂದರ ಮೇಲೊಂದು ಇಟ್ಟು ನೋಡಿ, ಅಂಚು ಕೂಡಬೇಕು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ, ಎರಡೂ ಅಳತೆ ಒಂದೇ ಬರಬೇಕು.

ಅಂಚಿಗೆ "ಫ್ಲಾಟ್ ಪಾಲಿಶ್" ಕೇಳಿ. ಸುಮ್ಮನೆ ಪಾಲಿಶ್ ಎಂದರೆ ಟೀಪಾಯಿ ಗಾಜಿಗೆ ಮಾಡುವಂತೆ ಪೆನ್ಸಿಲ್ ಪಾಲಿಶ್ ಮಾಡಿ ಅಂಚನ್ನು ಉರುಟಾಗಿಸಿ ಕೊಡುತ್ತಾರೆ. ಉರುಟು ಅಂಚಿನಲ್ಲಿ ಸಿಲಿಕಾನ್ ಹಿಡಿಯುವ ಮೇಲ್ಮೈ ಕಡಿಮೆ, ಕೂಡಿದ ಕಡೆ ಗೆರೆಯೂ ಡೊಂಕಾಗಿ ಕಾಣುತ್ತದೆ. ಕಟರ್ ಗೀರಿ, ತಟ್ಟಿ ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಕಪ್ಪೆಚಿಪ್ಪಿನ ಆಕಾರದ ಸಣ್ಣ ಚಕ್ಕೆ ಎದ್ದಿರುವುದು ಕಾಣುತ್ತದೆ. ಬಿರುಕು ಶುರುವಾಗುವುದೇ ಅಂಥ ಜಾಗದಿಂದ. ಯಂತ್ರದ ಪಾಲಿಶ್ ಅದನ್ನು ಸವರಿ ತೆಗೆಯುತ್ತದೆ, ಆದ್ದರಿಂದ ಇದು ಬರೀ ಚೆಂದಕ್ಕಲ್ಲ. ಪಾಲಿಶ್ ಆದಮೇಲೂ ಉಗುರಿಗೆ ಸಿಗುವ ಚಕ್ಕೆ ಉಳಿದಿದ್ದರೆ ಆ ತುಂಡು ಬೇಡವೆನ್ನಿ.

ಬೆಲೆ ಚದರಡಿ ಲೆಕ್ಕ, ಪಾಲಿಶ್ ಬೇರೆ. ಈ ಟ್ಯಾಂಕಿಗೆ ಗಾಜು ಸುಮಾರು ಎಂಟೂವರೆ ಚದರಡಿ ಬೇಕು. ಅಳತೆಯನ್ನು ಮುಂದಿನ ಮೂರು ಅಥವಾ ಆರು ಇಂಚಿಗೆ ಏರಿಸಿ ಲೆಕ್ಕ ಹಾಕುವ ಅಂಗಡಿಗಳಿವೆ, ಮೊದಲೇ ಕೇಳಿಕೊಳ್ಳಿ.

ಎಕ್ಸ್‌ಟ್ರಾ ಕ್ಲಿಯರ್ ಗಾಜು ಬೇಕೇ ಬೇಕಾ?

ಬೇಕೇ ಬೇಕೆಂದಿಲ್ಲ. ಮಾಮೂಲಿ ಗಾಜಿನ ಹಸಿರು ಛಾಯೆಗೆ ಕಾರಣ ಅದರಲ್ಲಿರುವ ಕಬ್ಬಿಣದ ಅಂಶ. ಎಕ್ಸ್‌ಟ್ರಾ ಕ್ಲಿಯರ್‌ನಲ್ಲಿ ಅದು ಬಹಳ ಕಡಿಮೆ. 6 ಎಂಎಂನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, 10, 12 ಎಂಎಂನಲ್ಲಿ ಚೆನ್ನಾಗಿ ಕಾಣುತ್ತದೆ. ದುಡ್ಡು ಉಳಿಸಬೇಕೆಂದರೆ ಮುಂದಿನ ಗಾಜು ಮಾತ್ರ ಎಕ್ಸ್‌ಟ್ರಾ ಕ್ಲಿಯರ್ ಹಾಕಿ, ಉಳಿದವು ಮಾಮೂಲಿ ಇರಲಿ. ದಪ್ಪ ಒಂದೇ ಇದ್ದರೆ ಸಾಕು.

ಟಫನ್ಡ್ ಗಾಜು ಹೆಚ್ಚು ಗಟ್ಟಿ ಅಲ್ಲವೆ? ಅದನ್ನೇ ಹಾಕಿದರೆ?

ಗಟ್ಟಿ ನಿಜ. ಆದರೆ ಒಮ್ಮೆ ಟಫನ್ ಮಾಡಿದ ಮೇಲೆ ಕತ್ತರಿಸಲು, ತೂತು ಕೊರೆಯಲು ಆಗುವುದಿಲ್ಲ, ಮತ್ತು ಅಂಚಿಗೊಂದು ಏಟು ಬಿದ್ದರೆ ಇಡೀ ಗಾಜು ಒಮ್ಮೆಲೇ ಪುಡಿಯಾಗುತ್ತದೆ. ಮಾಮೂಲಿ ಗಾಜಿಗೆ ಬಿರುಕು ಬಿಟ್ಟರೆ ನೀರು ಜಿನುಗಲು ಶುರುವಾಗಿ ಬಕೆಟ್ ತರಲು ಸಮಯ ಸಿಗುವುದೇ ಹೆಚ್ಚು. ಮನೆ ಟ್ಯಾಂಕಿಗೆ ಮಾಮೂಲಿ ಗಾಜೇ ಸರಿ.

ಅಕ್ರಿಲಿಕ್?

ಮೊದಲ ಟ್ಯಾಂಕಿಗೆ ಬೇಡ. ಬೇಗ ಗೀರು ಬೀಳುತ್ತದೆ, ಗಾಜಿಗಿಂತ ಹೆಚ್ಚು ಬಾಗುತ್ತದೆ, ಸಿಲಿಕಾನ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಕೂಡಿಸುವ ದ್ರಾವಕವೇ ಬೇರೆ, ಕೆಲಸವೂ ಬೇರೆ.

ಯಾವ ಸಿಲಿಕಾನ್ ತರಬೇಕು?

ಕೊಳವೆಯ ಮೇಲೆ ಅಕ್ವೇರಿಯಂಗೆ ಆಗುತ್ತದೆ ಎಂದು ಬರೆದಿರುವ, ಒಣಗುವಾಗ ವಿನೆಗರ್ ವಾಸನೆ ಬರುವ ಅಸಿಟಿಕ್ ಸಿಲಿಕಾನ್. ಸ್ನಾನದ ಮನೆಗೆಂದು ಮಾರುವ "ಆಂಟಿ ಫಂಗಲ್" ಸಿಲಿಕಾನ್ ಬೇಡವೇ ಬೇಡ. ಬೂಷ್ಟು ತಡೆಯಲು ಹಾಕಿರುವ ವಿಷ ಮೀನಿಗೂ ವಿಷವೇ. ತಯಾರಾದ ತಾರೀಖು ನೋಡಿ. ಹಳೆಯ ಕೊಳವೆಯ ಸಿಲಿಕಾನ್ ಎಷ್ಟು ದಿನವಾದರೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಈ ಅಳತೆಯ ಟ್ಯಾಂಕಿಗೆ 280 ಎಂಎಲ್‌ನ ಒಂದು ಕೊಳವೆ ಸಾಲುತ್ತದೆ, ಆದರೂ ಎರಡು ತಂದಿಡಿ. ಅರ್ಧ ಗೆರೆ ಎಳೆದಾಗ ಖಾಲಿಯಾದರೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅದು ಸಿಪ್ಪೆಗಟ್ಟಿರುತ್ತದೆ.

ಅಂಟಿಸುವುದು ಹೇಗೆ? ಒಬ್ಬರೇ ಮಾಡಬಹುದಾ?

ಒಬ್ಬರೇ ಮಾಡಲು ಹೋಗಬೇಡಿ. ಗಾಜು ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಹಾಗೆಯೇ ನೂರು ಎಂಎಂ ಚದರದ ಎರಡು ಗಾಜಿನ ತುಂಡು ತಂದು ಒಮ್ಮೆ ಅಭ್ಯಾಸ ಮಾಡಿ. ಸಿಲಿಕಾನ್ ಗನ್ ಎಷ್ಟು ಒತ್ತಿದರೆ ಎಷ್ಟು ಬರುತ್ತದೆ ಎಂಬುದು ಕೈಗೇ ತಿಳಿಯಬೇಕು.

ಮೊದಲು ಸ್ವಚ್ಛ ಮಾಡುವುದು. ಗಾಜಿನ ಅಂಗಡಿಯ ಕಟರ್ ಎಣ್ಣೆ, ಪಾಲಿಶ್ ಪುಡಿ, ಬೆರಳಿನ ಜಿಡ್ಡು ಯಾವುದೂ ಇರಬಾರದು. ಕೂಡುವ ಅಂಚುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್‌ನಿಂದ ಒರೆಸಿ, ಪ್ರತಿ ಸಲ ಹೊಸ ಬಟ್ಟೆ. ಉಗುರು ಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ ಬೆರೆತಿರುತ್ತದೆ. ಒರೆಸಿದ ಅಂಚನ್ನು ಮತ್ತೆ ಬೆರಳಲ್ಲಿ ಮುಟ್ಟಬಾರದು. ಸೋರುವ ಟ್ಯಾಂಕುಗಳಲ್ಲಿ ಬಹಳಷ್ಟರ ದೋಷ ಇಲ್ಲೇ ಇರುತ್ತದೆ.

ಸಮತಟ್ಟಾದ ಮೇಜಿನ ಮೇಲೆ ನಾಲ್ಕು ಪದರ ನ್ಯೂಸ್ ಪೇಪರ್ ಹಾಸಿ, ತಳದ ಗಾಜು ಇಡಿ. ಸಿಲಿಕಾನ್ ಹಾಕದೆ ಒಮ್ಮೆ ಎಲ್ಲ ತುಂಡನ್ನೂ ನಿಲ್ಲಿಸಿ ನೋಡಿ. ಕೂಡುವ ಗೆರೆಯ ಒಳಗೂ ಹೊರಗೂ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಆಮೇಲೆ ತಳದ ಹಿಂದಿನ ಅಂಚಿನುದ್ದಕ್ಕೂ ನಡುವೆ ಎಲ್ಲೂ ನಿಲ್ಲಿಸದೆ ಒಂದೇ ಗೆರೆ ಸಿಲಿಕಾನ್ ಎಳೆದು, ಹಿಂದಿನ ಗಾಜು ನಿಲ್ಲಿಸಿ. ನಂತರ ಒಂದು ಪಕ್ಕ. ಅದರ ನಿಂತ ಅಂಚಿಗೂ ಸಿಲಿಕಾನ್ ಬೇಕು. ಮತ್ತೊಂದು ಪಕ್ಕ, ಕೊನೆಗೆ ಮುಂದಿನ ಗಾಜು. ಮೂಲೆಮಟ್ಟ ಹಿಡಿದು ಲಂಬಕೋನ ನೋಡಿ, ಹೊರಗಿನಿಂದ ಟೇಪ್ ಸುತ್ತಿ ಹಿಡಿಸಿ.

ಇಲ್ಲಿ ಎಲ್ಲರಿಗೂ ಬರುವ ಆಸೆಯೊಂದಿದೆ: ಇನ್ನಷ್ಟು ಒತ್ತಿ, ಗೆರೆಯೇ ಕಾಣದ ಹಾಗೆ ಮಾಡೋಣ ಎಂದು. ಒತ್ತಬೇಡಿ. ಟ್ಯಾಂಕನ್ನು ಹಿಡಿದಿರುವುದು ಎರಡು ಗಾಜಿನ ನಡುವೆ ಉಳಿದ ಆ ಒಂದು ಎಂಎಂ ಸಿಲಿಕಾನ್. ಅದು ರಬ್ಬರಿನ ಹಾಗೆ ಎಳೆದು ಬಿಟ್ಟು ಮಾಡಬೇಕಾದರೆ ಅಷ್ಟಾದರೂ ದಪ್ಪ ಇರಬೇಕು. ಒಂದು ಎಂಎಂ ದಪ್ಪದ ಪ್ಲಾಸ್ಟಿಕ್ ಚೂರುಗಳನ್ನು ಅಲ್ಲಲ್ಲಿ ಇಟ್ಟರೆ ಅಂತರ ಒಂದೇ ಸಮ ಸಿಗುತ್ತದೆ. ಒಳಮೂಲೆಗೆ ಬಳಿಯುವ ಗೆರೆ ಈ ಕೂಡಿಕೆಗೆ ಬರೀ ಕಾವಲು. ಪಾಚಿ ಕೆರೆಯುವ ಬ್ಲೇಡ್ ಒಳಗೆ ನುಗ್ಗದಂತೆ ತಡೆಯುತ್ತದೆ. ತೆಳ್ಳಗೆ ಒಂದೇ ಎಳೆತದಲ್ಲಿ ಸವರಿ, ಸಿಪ್ಪೆಗಟ್ಟುವ ಮೊದಲೇ, ಅಂದರೆ ಐದು ನಿಮಿಷದೊಳಗೆ, ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ. ತಡವಾದರೆ ಟೇಪಿನ ಜೊತೆ ಸಿಲಿಕಾನೂ ದಾರದಂತೆ ಎದ್ದು ಬಂದು ಅಂಚು ಹರಕಲಾಗುತ್ತದೆ.

ಕಿಟಕಿ ತೆರೆದಿಡಿ, ಆ ಹುಳಿ ಆವಿ ಕಣ್ಣು ಉರಿಸುತ್ತದೆ. ಆಮೇಲೆ ಒಂದು ವಾರ ಟ್ಯಾಂಕನ್ನು ಮುಟ್ಟಬೇಡಿ. ಹೊರಗೆ ಗಟ್ಟಿಯಾದಂತೆ ಕಂಡರೂ ಗಾಜಿನ ನಡುವಿನ ಸಿಲಿಕಾನಿಗೆ ಗಾಳಿ ತಾಕುವುದು ತಡ.

ಮಳೆಗಾಲದಲ್ಲಿ ಮಾಡಬಹುದಾ?

ಮಾಡಬಹುದು. ಈ ಸಿಲಿಕಾನ್ ಗಟ್ಟಿಯಾಗುವುದೇ ಗಾಳಿಯ ತೇವ ಹೀರಿ. ಹಾಗಾಗಿ ಜುಲೈ ತಿಂಗಳ ಮಂಗಳೂರಲ್ಲೋ ಶಿವಮೊಗ್ಗದಲ್ಲೋ ಸಿಪ್ಪೆ ಬೇಗ ಕಟ್ಟುತ್ತದೆ, ನಿಮ್ಮ ಕೈ ಇನ್ನಷ್ಟು ಚುರುಕಾಗಬೇಕು. ನೋಡಿಕೊಳ್ಳಬೇಕಾದದ್ದು ಗಾಜಿನ ಮೇಲಿನ ಪಸೆಯನ್ನು. ಗಾಜನ್ನು ಹಿಂದಿನ ದಿನವೇ ಆ ಕೋಣೆಗೆ ತಂದಿಟ್ಟು, ಒರೆಸಿದ ಕೂಡಲೇ ಅಂಟಿಸಿ.

ಸೋರುತ್ತದೋ ಇಲ್ಲವೋ ಹೇಗೆ ಪರೀಕ್ಷಿಸುವುದು?

ಅಂಗಳದಲ್ಲೋ ಬಾಲ್ಕನಿಯಲ್ಲೋ ಮಟ್ಟವಾದ ಜಾಗ ನೋಡಿ, ಮ್ಯಾಟ್ ಹಾಸಿ, ಅದರ ಮೇಲೆ ಒಣ ನ್ಯೂಸ್ ಪೇಪರ್ ಹರಡಿ ಟ್ಯಾಂಕ್ ಇಡಿ. ಒಂದೇ ಸಲ ತುಂಬಬೇಡಿ. ಮೂರನೇ ಒಂದು ಭಾಗ ತುಂಬಿ ಕೆಲವು ತಾಸು ಬಿಡಿ, ಆಮೇಲೆ ಮೂರನೇ ಎರಡು, ಆಮೇಲೆ ಪೂರ್ತಿ. ಪೂರ್ತಿ ತುಂಬಿ ಎರಡು ದಿನ ಹಾಗೇ ಇರಲಿ. ಒದ್ದೆ ಪೇಪರ್ ಸುಳ್ಳು ಹೇಳುವುದಿಲ್ಲ. ಮುಂದಿನ ಗಾಜಿನ ಮೇಲಂಚಿಗೆ ಉದ್ದನೆಯ ಸ್ಟೀಲ್ ಸ್ಕೇಲ್ ಆನಿಸಿ ನೋಡಿ: ಮೇಲೆ ಹೇಳಿದ 8 ಎಂಎಂ ಟ್ಯಾಂಕಿನಲ್ಲಿ ಬಾಗು ಕಣ್ಣಿಗೆ ಬೀಳುವಷ್ಟು ಇರಬಾರದು.

ಟ್ಯಾಂಕ್ ಎಲ್ಲಿಡಬೇಕು? ಷೋಕೇಸಿನ ಕಡಪ ಕಲ್ಲಿನ ಮೇಲೆ ಇಡಬಹುದಾ?

60×30×36 ಟ್ಯಾಂಕಿನಲ್ಲಿ ಗಾಜೇ 16 ಕೆ.ಜಿ., ಅಂಚಿನಿಂದ ಮೂರು ಸೆಂ.ಮೀ. ಕೆಳಗೆ ತುಂಬಿದರೂ ನೀರು 53 ಲೀಟರ್. ಮಣ್ಣು, ಕಲ್ಲು ಸೇರಿದರೆ 80 ಕೆ.ಜಿ. ದಾಟುತ್ತದೆ. ಎರಡೂ ತುದಿಗೆ ಕೆಳಗಿನಿಂದ ಗೋಡೆಯ ಆಸರೆಯಿರುವ ಕಡಪ ಕಲ್ಲಾದರೆ ಪರವಾಗಿಲ್ಲ. ಹಿಂಬದಿ ಮಾತ್ರ ಗೋಡೆಯೊಳಗೆ ಹುಗಿದು ಮುಂದಕ್ಕೆ ಚಾಚಿದ ಕಲ್ಲಿನ ಮೇಲೆ ಇಡಬೇಡಿ.

ಕಡಪ ಕಲ್ಲಿನ ಮೇಲ್ಮೈ ಉಬ್ಬುತಗ್ಗು ಇರುವುದೇ ಹೆಚ್ಚು. ಚೌಕಟ್ಟಿರುವ ಟ್ಯಾಂಕಿನಲ್ಲಿ ಭಾರ ಚೌಕಟ್ಟಿನ ಮೂಲಕ ಇಳಿಯುತ್ತದೆ. ರಿಮ್‌ಲೆಸ್‌ನಲ್ಲಿ ತಳದ ಗಾಜೇ ನೇರವಾಗಿ ಕೂರುತ್ತದೆ. ಕೆಳಗೆ ಸಿಕ್ಕಿಕೊಂಡ ಒಂದೇ ಒಂದು ಮರಳಿನ ಹರಳು ಆ ಗಾಜನ್ನು ಸೀಳಬಲ್ಲದು. ಆದ್ದರಿಂದ ಟ್ಯಾಂಕಿನ ಅಳತೆಗೆ ಕತ್ತರಿಸಿದ ಐದಾರು ಎಂಎಂ ಫೋಮ್ ಮ್ಯಾಟ್ ಕಡ್ಡಾಯ. ಯೋಗ ಮ್ಯಾಟ್ ಆದರೂ ನಡೆಯುತ್ತದೆ. ರಸಮಟ್ಟ ಇಟ್ಟು ಉದ್ದಕ್ಕೂ ಅಗಲಕ್ಕೂ ನೋಡಿ. ನೀರಿನ ಗೆರೆ ಬರಿಗಣ್ಣಿಗೆ ಕಾಣುವ ಟ್ಯಾಂಕ್ ಇದು, ಮೂರು ಎಂಎಂ ವಾಲಿದರೂ ದಿನವೂ ಕಣ್ಣಿಗೆ ಚುಚ್ಚುತ್ತದೆ.

ಸ್ಟ್ಯಾಂಡ್ ಮಾಡಿಸುವುದಾದರೆ ಐಎಸ್ 710 (ನೀರು ತಡೆಯುವ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿನ 18 ಎಂಎಂ ಪ್ಲೈವುಡ್ ಇರಲಿ. ಪಾರ್ಟಿಕಲ್ ಬೋರ್ಡು, ಎಂಡಿಎಫ್ ನೀರು ತಾಗಿದರೆ ಊದಿಕೊಂಡು ಮಟ್ಟ ಕೆಡಿಸುತ್ತವೆ. ಮಹಡಿ ಮನೆಯವರಿಗೆ ಒಂದು ಮಾತು: ಕಟ್ಟಡಗಳ ಮೇಲಿನ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಯ ನೆಲಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಎರಡಡಿ ಟ್ಯಾಂಕಿಗೆ ಚಿಂತೆ ಬೇಡ. ನಾಲ್ಕಡಿಯದು 300 ಕೆ.ಜಿ.ಯ ಹತ್ತಿರ ಬರುತ್ತದೆ. ಅದನ್ನು ಕೋಣೆಯ ನಡುವೆ ಇಡದೆ ಬೀಮ್ ಇರುವ ಗೋಡೆಗೆ ಒರಗಿಸಿ ಇಡಿ, ಕಟ್ಟಡ ಹಳೆಯದಾದರೆ ಎಂಜಿನಿಯರನ್ನು ಕೇಳಿ.

ಮಾಡುವ ಗೋಜೇ ಬೇಡ, ರೆಡಿಮೇಡ್ ತೆಗೆದುಕೊಳ್ಳುತ್ತೇನೆ. ಏನು ನೋಡಬೇಕು?

ಅದೂ ಒಳ್ಳೆಯ ದಾರಿಯೇ. ಬೆಂಗಳೂರಿನ ಶಿವಾಜಿನಗರದಂಥ ಕಡೆ ಅಕ್ವೇರಿಯಂ ಅಂಗಡಿಗಳು ಹೇಳಿದ ಅಳತೆಗೆ ಮಾಡಿಕೊಡುತ್ತವೆ. ಜಿಲ್ಲಾ ಕೇಂದ್ರಗಳಲ್ಲೂ ಕೇಳಿ ನೋಡಿ. ಅಂಗಡಿಯವರ ಮಾತಿನಲ್ಲಿ "ರಿಮ್‌ಲೆಸ್" ಎಂದರೆ ಕೆಲವೊಮ್ಮೆ ಪ್ಲಾಸ್ಟಿಕ್ ಚೌಕಟ್ಟಿಲ್ಲ ಎಂದಷ್ಟೇ ಅರ್ಥ, ಗಾಜು ಮಾತ್ರ ಹಳೆಯ 5 ಎಂಎಂ. ಆದ್ದರಿಂದ ಕೈಯಲ್ಲಿ ಸ್ಕೇಲ್ ಹಿಡಿದೇ ಹೋಗಿ.

ಮೂಲೆಯ ಕೂಡಿಕೆಯನ್ನು ಪಕ್ಕದಿಂದ ನೋಡಿ. ಗಾಜಿನ ಪೂರ್ತಿ ದಪ್ಪಕ್ಕೂ ಸಿಲಿಕಾನ್ ತುಂಬಿರಬೇಕು. ಬಿಡಿಬಿಡಿ ಸಣ್ಣ ಗುಳ್ಳೆಯಿದ್ದರೆ ಅಂಜಬೇಕಿಲ್ಲ, ಆದರೆ ಗುಳ್ಳೆಗಳು ಸಾಲುಗಟ್ಟಿ ಒಳಗಿನಿಂದ ಹೊರಕ್ಕೆ ದಾರಿ ಮಾಡಿಕೊಂಡಿದ್ದರೆ ಬೇಡ. ಸೆಕೆಂಡ್ ಹ್ಯಾಂಡ್ ಟ್ಯಾಂಕಾದರೆ ಸಿಲಿಕಾನಿನ ಅಂಚನ್ನು ಉಗುರಿನಿಂದ ಮೆಲ್ಲಗೆ ತಳ್ಳಿ: ಸಿಪ್ಪೆಯಂತೆ ಏಳುತ್ತಿದ್ದರೆ ಅದರ ಆಯಸ್ಸು ಮುಗಿದಿದೆ. ನೀರು ತುಂಬಿ ತೋರಿಸಲು ಒಪ್ಪದವರ ಹತ್ತಿರ ಹಳೆಯ ಟ್ಯಾಂಕ್ ಕೊಳ್ಳಬೇಡಿ.

ಮುಚ್ಚಳ ಇಲ್ಲದಿದ್ದರೆ ಮೀನು ಹಾರುವುದಿಲ್ಲವೆ?

ಹಾರುತ್ತವೆ. ಬೆಳಗಾಗೆದ್ದು ನೆಲದ ಮೇಲೆ ಒಣಗಿದ ಮೀನು ನೋಡುವ ನೋವು ಯಾರಿಗೂ ಬೇಡ. ಡೇನಿಯೋ, ಹ್ಯಾಚೆಟ್ ಮೀನು, ಬೆಟ್ಟಾ, ನಮ್ಮ ಪಶ್ಚಿಮ ಘಟ್ಟದ ಕಡೆಯ ಪ್ಯಾಂಚಾಕ್ಸ್ ಇವೆಲ್ಲ ಚೆನ್ನಾಗಿ ಹಾರುವಂಥವು. ಕೇರಳ, ಕರ್ನಾಟಕದ ಹೊಳೆಗಳ ಡೆನಿಸನ್ ಬಾರ್ಬ್ ಕೂಡ ಹಾರುತ್ತದೆ. ಅದು ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಅಪಾಯದಲ್ಲಿರುವ ಮೀನು, ಗುಂಪಿನಲ್ಲಿ ಬದುಕುವಂಥದ್ದು, ಬೆಳೆದು ದೊಡ್ಡದಾಗುತ್ತದೆ. ಎರಡಡಿ ಟ್ಯಾಂಕಿಗೆ ಅದನ್ನು ಖಂಡಿತ ತರಬೇಡಿ. ಎಂಬರ್ ಟೆಟ್ರಾ, ಹಾರ್ಲೆಕ್ವಿನ್ ರಾಸ್ಬೋರಾ, ಕೋರಿಡೋರಸ್‌ಗಳಿಗೆ ಈ ಚಾಳಿ ಕಡಿಮೆ.

ನೀರನ್ನು ಅಂಚಿನಿಂದ ಮೂರು ನಾಲ್ಕು ಸೆಂ.ಮೀ. ಕೆಳಗೆ ಇಡಿ, ಮೇಲೆ ಒಂದಷ್ಟು ತೇಲುವ ಗಿಡ ಬಿಡಿ. ಮನೆಯಲ್ಲಿ ಬೆಕ್ಕೋ ಸಣ್ಣ ಮಗುವೋ ಇದ್ದರೆ 4 ಎಂಎಂ ಗಾಜಿನ ಮುಚ್ಚಳವನ್ನು ಕ್ಲಿಪ್ಪಿನ ಮೇಲೆ ಕೂರಿಸಿ. ಅಂದ ಹೆಚ್ಚೇನೂ ಕೆಡುವುದಿಲ್ಲ.

ನೀರು ಬೇಗ ಇಳಿಯುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಏನು ಮಾಡಲಿ?

ಬಾಯಿ ತೆರೆದ ಟ್ಯಾಂಕಿನಲ್ಲಿ, ಅದರಲ್ಲೂ ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ, ನೀರು ಆವಿಯಾಗುವುದು ಸಹಜ. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಸುಣ್ಣದ ಅಂಶ ಉಳಿದು ಗೆರೆ ಕಟ್ಟುತ್ತದೆ. ಕೋಲಾರ, ತುಮಕೂರು ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಇದು ವಿಪರೀತ, ಮಲೆನಾಡಿನ ಮೆದು ನೀರಿನಲ್ಲಿ ಅಷ್ಟಿಲ್ಲ. ದಿನ ದಿನ ಇಳಿದಷ್ಟನ್ನು ಆರ್‌ಒ ನೀರಿನಿಂದ ತುಂಬಿಸಿ. ವಾರದ ನೀರು ಬದಲಾವಣೆಗೆ ಮಾಮೂಲಿ ನೀರೇ ಇರಲಿ, ಕೊಳಾಯಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ. ಗೆರೆ ಆಗಲೇ ಬಿದ್ದಿದ್ದರೆ ಮಟ್ಟ ಸ್ವಲ್ಪ ಇಳಿಸಿ, ಬಿಳಿ ವಿನೆಗರ್ ಅದ್ದಿದ ಬಟ್ಟೆ ಹತ್ತು ನಿಮಿಷ ಅಂಟಿಸಿಟ್ಟು ಒರೆಸಿ, ಒದ್ದೆ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಫಿಲ್ಟರ್, ಲೈಟ್ ಯಾವುದು ಕೂರುತ್ತದೆ?

ನೇತುಹಾಕುವ ಫಿಲ್ಟರಿನ ಕೊಕ್ಕೆ ನಿಮ್ಮ ಗಾಜಿನ ದಪ್ಪಕ್ಕೆ ಹಿಡಿಯುತ್ತದೆಯೇ ನೋಡಿ ಕೊಳ್ಳಿ, 12 ಎಂಎಂಗೆ ಬಹಳಷ್ಟು ಹಿಡಿಯುವುದಿಲ್ಲ. ಗಿಡದ ಟ್ಯಾಂಕಿಗೆ ಹೊರಗೆ ಇಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್, ಅದರ ನೀರನ್ನು ಟ್ಯಾಂಕಿಗೆ ಬಿಡುವ ಗಾಜಿನ ಕೊಳವೆ, ಅಂದರೆ ಲಿಲಿ ಪೈಪ್, ಚೆಂದ. ಲೈಟಿಗೆ ಗಾಜಿನ ಮೇಲೆ ಕೂರುವ ಕಾಲು ಸಾಕು. ಕಾಲಿನ ತುದಿಗೆ ರಬ್ಬರ್ ಇರಬೇಕು, ಲೋಹ ನೇರವಾಗಿ ಅಂಚಿಗೆ ತಾಗಬಾರದು.

ಸ್ವಲ್ಪ ಜಿನುಗುತ್ತಿದೆ. ಹೊರಗಿನಿಂದ ಸಿಲಿಕಾನ್ ಬಳಿದರೆ ಸಾಕಾ?

ಸಾಲದು. ಒಳಗಿನ ನೀರು ಹೊರಗಿನ ತೇಪೆಯನ್ನು ತಳ್ಳುತ್ತಲೇ ಇರುತ್ತದೆ. ಇನ್ನೊಂದು ಸಂಗತಿ, ಗಟ್ಟಿಯಾದ ಹಳೆಯ ಸಿಲಿಕಾನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲ. ಮೀನುಗಳನ್ನು ಬೇರೆ ಕಡೆ ಬಿಟ್ಟು ಟ್ಯಾಂಕ್ ಖಾಲಿ ಮಾಡಿ, ಒಳಗಿನ ಕಾವಲು ಗೆರೆಯನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಆಲ್ಕೋಹಾಲಿನಿಂದ ಒರೆಸಿ, ನಾಲ್ಕೂ ಮೂಲೆಗೆ ಮತ್ತು ತಳದ ಸುತ್ತಲಿಗೆ ಹೊಸದಾಗಿ ಬಳಿಯಿರಿ. ಗಾಜುಗಳ ನಡುವಿನ ಕೂಡಿಕೆಯೇ ಬಿಟ್ಟಿದ್ದರೆ ಈ ತೇಪೆ ಕೆಲಸ ಬೇಡ. ಇಡೀ ಟ್ಯಾಂಕ್ ಬಿಚ್ಚಿ ಮತ್ತೆ ಜೋಡಿಸಬೇಕು. ಗಾಜು ಚೆನ್ನಾಗಿದ್ದರೆ ಅದೇ ಗಾಜು ಆಗುತ್ತದೆ.

ಮನೆ ಬದಲಾಯಿಸುವಾಗ ಅರ್ಧ ನೀರು ಬಿಟ್ಟು ಎತ್ತಿಕೊಂಡು ಹೋಗಬಹುದಾ?

ಬೇಡ. ಎತ್ತುವಾಗ ಟ್ಯಾಂಕ್ ಸ್ವಲ್ಪ ತಿರುಚಿದರೂ ಒಳಗಿನ ನೀರು, ಕಲ್ಲಿನ ಭಾರವೆಲ್ಲ ಒಂದು ಮೂಲೆಯ ಸಿಲಿಕಾನಿನ ಮೇಲೆ ಬೀಳುತ್ತದೆ; ತಡೆಯಲು ಮೇಲೆ ಚೌಕಟ್ಟೂ ಇಲ್ಲ. ನೀರು, ಕಲ್ಲು, ಕಟ್ಟಿಗೆ ಎಲ್ಲ ತೆಗೆಯಿರಿ, ಸಾಧ್ಯವಾದರೆ ಮಣ್ಣನ್ನೂ. ಫಿಲ್ಟರಿನ ಸ್ಪಂಜನ್ನು ಮಾತ್ರ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿಟ್ಟು ಒಯ್ಯಿರಿ, ಒಣಗಿದರೆ ಅದರಲ್ಲಿರುವ, ನೀರನ್ನು ಮೀನಿಗೆ ಹಿತವಾಗಿಡುವ ಬ್ಯಾಕ್ಟೀರಿಯಾ ಸತ್ತು ಹೊಸ ಮನೆಯಲ್ಲಿ ಎಲ್ಲ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಟ್ಯಾಂಕನ್ನು ಇಬ್ಬರು ತಳಕ್ಕೆ ಕೈಕೊಟ್ಟು ಎತ್ತಬೇಕು, ಮೇಲಂಚು ಹಿಡಿದಲ್ಲ. ಗಾಡಿಯಲ್ಲಿ ಅದೇ ಫೋಮ್ ಮ್ಯಾಟಿನ ಮೇಲೆ ಇಟ್ಟು, ಹೊಸ ಮನೆಯಲ್ಲಿ ಮೀನು ಬಿಡುವ ಮೊದಲು ಒಂದು ರಾತ್ರಿ ಪೇಪರ್ ಹಾಸಿ ನೀರು ತುಂಬಿ ನೋಡಿ.